ಇಸ್ಪೀಟಿನ ಕೈಚಳಕ ಮತ್ತು ಸೋತವನ ಮೌನ: ಚಿತ್ರದುರ್ಗ ಸೀಮೆಯ ನೆಲೆಯಿಂದ ಒಂದು ಚಾರಿತ್ರಿಕ ಪರಿಶೀಲನೆ

ಯುಗಾದಿಯ ದಿನಗಳಲ್ಲಿ ಇಸ್ಪೀಟಿಗೆ ಕೂರುವುದು ಹಳೆ ಮೈಸೂರಿನ ಉಳಿದ ಕಡೆಗಳಂತೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲೂ ರೂಢಿ. ಪೊಲೀಸ್ ದಾಳಿಯ ವರದಿಗಳಲ್ಲಿ ಅಂದರ್-ಬಾಹರ್ ಆಟದ ಹೆಸರು, ಪಣಕ್ಕಿಟ್ಟ ಹಣ, 52 ಎಲೆಗಳ ಲೆಕ್ಕ ಬರುತ್ತವೆ. ಎಲೆ ಹಾಕಿದ ಕೈ ನೆಟ್ಟಗಿತ್ತೇ ಎಂಬ ಪ್ರಶ್ನೆ ಬರುವುದಿಲ್ಲ. ಜೂಜಿನ ಮೋಸ ಉಳಿದು ಬಂದಿರುವುದು ಕೈಚಳಕದ ಬಲದಿಂದಷ್ಟೇ ಅಲ್ಲ, ಸೋತವನು ದೂರು ಕೊಡಲಾರದ ಸ್ಥಿತಿಯಿಂದ ಎಂಬುದು ಈ ಲೇಖನದ ವಾದ.

ಕೌಟಿಲ್ಯನ ತರ್ಕ

ಅರ್ಥಶಾಸ್ತ್ರದ ಮೂರನೆಯ ಅಧಿಕರಣ ಜೂಜಿಗೆ ಒಂದೇ ಸ್ಥಳವನ್ನು ಗೊತ್ತುಮಾಡಿ, ಅಧ್ಯಕ್ಷನೇ ದಾಳಗಳನ್ನು ಒದಗಿಸಬೇಕೆನ್ನುತ್ತದೆ. ಬೇರೆ ದಾಳ ಬಳಸಿದರೆ 12 ಪಣ ದಂಡ. ಮೋಸದಿಂದ ಗೆದ್ದದ್ದು ಕೈತಪ್ಪುತ್ತದೆ. ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷನಿಗೆ ಸಲ್ಲುತ್ತದೆ. ವ್ಯಾಜ್ಯ ಬಂದಾಗ ಸೋತವನಿಗೇ ಹೆಚ್ಚು ದಂಡ ವಿಧಿಸಬೇಕೆಂದ ಹಿಂದಿನ ಆಚಾರ್ಯರನ್ನು ಕೌಟಿಲ್ಯ ಒಪ್ಪುವುದಿಲ್ಲ. ಹಾಗೆ ಮಾಡಿದರೆ ಯಾರೂ ರಾಜನ ಬಳಿಗೆ ಬರಲಾರರು, ಜೂಜುಗಾರರಲ್ಲಿ ಹೆಚ್ಚಿನವರು ಮೋಸದಿಂದಲೇ ಆಡುವವರು ಎಂಬುದು ಅವನು ಕೊಡುವ ಕಾರಣ.

ಗಂಜೀಫಾದಿಂದ ಇಸ್ಪೀಟಿಗೆ

ಎಲೆಯಾಟ ಮೊಘಲರ ಕಾಲದಲ್ಲಿ ಗಂಜೀಫಾ ಹೆಸರಿನಲ್ಲಿ ಭಾರತದಲ್ಲಿ ಹರಡಿತು. 1527ರಲ್ಲಿ ಬಾಬರ್ ಸಿಂಧ್‌ಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದು ದಾಖಲಾಗಿದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಆಟಗಳನ್ನೇ ರೂಪಿಸಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳನ್ನು ವಿವರಿಸಿದರು. ಅರಮನೆಯ ಆಟಕ್ಕೆ ಬರೆದಿಟ್ಟ ನಿಯಮವಿತ್ತು. ಅಚ್ಚಾದ ಅಗ್ಗದ ಎಲೆಗಳು ಬಂದ ಮೇಲೆ ಆಟ ಎಲ್ಲರ ಕೈಗೂ ಸಿಕ್ಕಿತು, ನಿಯಮ ಕಾಯುವವರು ಇಲ್ಲವಾದರು. ಅದೇ ಕಾಲದಲ್ಲಿ ಯುರೋಪ್, ಅಮೆರಿಕಗಳಲ್ಲಿ ಮೋಸದ ವಿಧಾನಗಳು ಪುಸ್ತಕಕ್ಕೇರಿದವು. 1861ರಲ್ಲಿ ಫ್ರಾನ್ಸಿನ ಜಾದೂಗಾರ ರಾಬರ್ಟ್-ಹೂಡಿನ್, 1902ರಲ್ಲಿ ಎರ್ಡ್‌ನೇಸ್ ಎಂಬ ಗುಪ್ತನಾಮದ ಲೇಖಕ ಅವನ್ನು ಬಿಡಿಸಿಟ್ಟರು.

ಮೋಸದ ಬಗೆ, ಪತ್ತೆಯ ದಾರಿ

ಅಂದರ್-ಬಾಹರ್‌ನಲ್ಲಿ ಜೋಕರ್‌ಗೆ, ಅಂದರೆ ಮೊದಲು ತೆರೆದಿಟ್ಟ ಎಲೆಗೆ, ಸಮನಾದ ಎಲೆ ಒಳಗೆ ಬಿದ್ದಿತೇ ಹೊರಗೆ ಬಿದ್ದಿತೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊದಲ ಎಲೆ ಬೀಳುವ ಕಡೆ ಗೆಲ್ಲುವ ಸಂಭವ ಶೇ. 51.5, ಅಂದರೆ ನೇರ ಆಟದಲ್ಲಿ ಎರಡೂ ಕಡೆ ಬಹುತೇಕ ಸಮ. ಇದನ್ನು ಕೆಡಿಸಲು ಒಂದೇ ಎಲೆ ಸಾಕು. ಮೇಲಿನ ಎಲೆ ಯಾವುದೆಂದು ಗುರುತಿನಿಂದಲೋ ಕದ್ದು ನೋಡಿಯೋ ತಿಳಿದವನು ಅದನ್ನು ಹೆಬ್ಬೆರಳಿನಿಂದ ತಡೆದು, ಅದರ ಕೆಳಗಿನ ಎರಡನೆಯ ಎಲೆಯನ್ನು ಎಳೆದು ಹಾಕಿದರೆ ಗೆಲುವು ಪಕ್ಕ ಬದಲಿಸುತ್ತದೆ. ಮೂರೆಲೆಯ ಆಟದಲ್ಲಿ ಒಂದೇ ಬಗೆಯ ಮೂರು ಎಲೆ ಬೀಳುವುದು 425 ಸಲಕ್ಕೊಮ್ಮೆ ಮಾತ್ರ. ಒಬ್ಬನಿಗೇ ಅದು ಪದೇ ಪದೇ ಬಂದರೆ ತಳದಿಂದ ಎಲೆ ಎಳೆಯುತ್ತಿರುವ ಅನುಮಾನಕ್ಕೆ ಆಧಾರವಿದೆ.

ಪತ್ತೆಗೆ ಕೆಲವು ಚಿಹ್ನೆಗಳಿವೆ. ಎಲೆಗಳು ಹೊರಬೀಳುತ್ತಿದ್ದರೂ ಮೇಲಿನ ಎಲೆ ಅಲ್ಲೇ ಇದ್ದಂತೆ ಕಾಣುವುದು, ಕಟ್ಟನ್ನು ತನ್ನ ಕಡೆಗೆ ವಾಲಿಸಿ ಹಿಡಿಯುವುದು, ತೋರುಬೆರಳು ಕಟ್ಟಿನ ಮುಂದಿನ ಅಂಚನ್ನು ಕಾಯುತ್ತಿರುವುದು. ಎಲೆಗಳ ಬೆನ್ನನ್ನು ಬೇಗಬೇಗ ಸರಿಸಿ ನೋಡಿದಾಗ ಚಿತ್ರ ಕದಲಿದಂತಾದರೆ ಗುರುತು ಹಾಕಲಾಗಿದೆ. ಎಲೆಗಳನ್ನು ಎರಡು ಪಾಲು ಮಾಡಿ ಹೆಣೆದು ಸುಮಾರು ಏಳು ಬಾರಿ ಕಲೆಸಿದರೆ ಮಾತ್ರ ಚೆನ್ನಾಗಿ ಬೆರೆಯುತ್ತವೆಂದು ಬೇಯರ್ ಮತ್ತು ಡಯಾಕೊನಿಸ್ 1992ರಲ್ಲಿ ತೋರಿಸಿದರು. ನಮ್ಮಲ್ಲಿ ರೂಢಿಯಿರುವ, ಎತ್ತಿ ಎತ್ತಿ ಹಾಕುವ ಕ್ರಮಕ್ಕೆ ಇನ್ನೂ ಬಹಳ ಹೆಚ್ಚು ಸಲ ಬೇಕು. ಒಬ್ಬ ಕಲೆಸಿ, ಇನ್ನೊಬ್ಬ ಕಟ್ ಮಾಡಿ, ಕಟ್ಟನ್ನು ನೆಲದ ಮೇಲಿಟ್ಟು ಒಂದೊಂದೇ ಎಲೆ ತೆಗೆದರೆ ಈ ಚಳಕಗಳಲ್ಲಿ ಹೆಚ್ಚಿನವು ನಡೆಯುವುದಿಲ್ಲ.

ಕಾಯ್ದೆಯ ನಿಲುವು

ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕಲಂ 79 ಜೂಜುಮನೆ ನಡೆಸುವವನನ್ನೂ ಕಲಂ 80 ಅಲ್ಲಿ ಆಡುವವನನ್ನೂ ಕಲಂ 87 ಸಾರ್ವಜನಿಕ ಜಾಗದಲ್ಲಿ ಆಡುವವನನ್ನೂ ದಂಡಿಸುತ್ತದೆ. 1872ರ ಕರಾರು ಕಾಯ್ದೆಯ ಕಲಂ 30ರಂತೆ ಪಂಥದ ಒಪ್ಪಂದವೇ ಅಸಿಂಧು. ವಂಚನೆ ಬೇರೆ ಅಪರಾಧವೇ ಹೌದು. ಆದರೆ ಅದನ್ನು ಹೇಳಲು ಠಾಣೆಗೆ ಹೋದವನು ತಾನೂ ಜೂಜಾಡಿದೆನೆಂದು ಒಪ್ಪಿಕೊಳ್ಳಬೇಕು. ಇಂಗ್ಲೆಂಡ್ 1845ರ ಕಾಯ್ದೆಯಲ್ಲೇ ಆಟದೊಳಗಿನ ಮೋಸವನ್ನು ಹೆಸರಿಸಿ ಅಪರಾಧವೆಂದಿತ್ತು.

ಜೂಜನ್ನು ಸಮರ್ಥಿಸುವುದು ಇಲ್ಲಿಯ ಉದ್ದೇಶವಲ್ಲ. ಅದು ಮನೆಗಳನ್ನು ಹಾಳು ಮಾಡುತ್ತದೆ. ಆದರೆ ಸೋತವನನ್ನೂ ಮೋಸಗಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಕಾನೂನು ಮೋಸಗಾರನಿಗೇ ನೆರವಾಗುತ್ತದೆ. ಕೌಟಿಲ್ಯ ಕಂಡಿದ್ದ ಈ ತೊಡಕಿಗೆ ಪರಿಹಾರವೂ ಅವನ ತರ್ಕದಲ್ಲೇ ಇದೆ: ಮೋಸವನ್ನು ಹೇಳಲು ಮುಂದೆ ಬಂದವನಿಗೆ ಶಿಕ್ಷೆಯ ಭಯ ಇರಬಾರದು.