ರಂಗಕವಚ: ಯಕ್ಷಗಾನದ ವೀರವೇಷದಲ್ಲಿ ವಸ್ತುವಿನ ಆಯ್ಕೆ

ಕರ್ಣನ ಕವಚವು ಹುಟ್ಟಿನೊಡನೆ ಬಂದುದು. ಇಂದ್ರನು ವಿಪ್ರವೇಷದಿಂದ ಬಂದು ಬೇಡಿದಾಗ ಅವನು ಅದನ್ನು ಮೈಯಿಂದ ಕೊಯ್ದು ಕೊಟ್ಟನೆಂಬುದು ಮಹಾಭಾರತದ ಕಥೆ. ಆದರೆ ಕರ್ಣನ ವೇಷವನ್ನು ತೊಡುವ ಕಲಾವಿದನಿಗೆ ಅಂತಹ ಸಹಜಕವಚದ ಭಾಗ್ಯವಿಲ್ಲ. ಅವನು ಚೌಕಿಯಲ್ಲಿ ದೀಪದ ಮುಂದೆ ಕುಳಿತು ತನ್ನ ಕವಚವನ್ನು ಒಂದೊಂದೇ ಅಂಗವಾಗಿ ಬಿಗಿದುಕೊಳ್ಳಬೇಕು. ಅದನ್ನು ಹೊತ್ತು ಕುಣಿಯಬೇಕು, ಅರ್ಥ ಹೇಳಬೇಕು. ಬೆಳಗಾದ ಮೇಲೆ ಬಿಚ್ಚಿ ಪೆಟ್ಟಿಗೆಗೆ ಸೇರಿಸಬೇಕು. ಈ ಕವಚವನ್ನು ಯಾವ ವಸ್ತುವಿನಿಂದ ಮಾಡಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಬಡಗಿಯ ಅಥವಾ ದರ್ಜಿಯ ಪ್ರಶ್ನೆಯಾಗಿ ತೋರಬಹುದು. ವಾಸ್ತವವಾಗಿ ಅದು ಕಲೆಯ ಸ್ವರೂಪಕ್ಕೆ ಸಂಬಂಧಿಸಿದ ಪ್ರಶ್ನೆಯೆಂಬುದನ್ನು ಯಕ್ಷಗಾನದ ವೇಷಭೂಷಣದ ಇತಿಹಾಸವೇ ತೋರಿಸಿಕೊಡುತ್ತದೆ.

ಮೊದಲು ರಣರಂಗದ ಕವಚವನ್ನೇ ನೋಡಬಹುದು. ಯುರೋಪಿನಲ್ಲಿ ಹದಿನೈದನೆಯ ಶತಮಾನದ ವೇಳೆಗೆ ಪೂರ್ಣರೂಪ ತಾಳಿದ ಉಕ್ಕಿನ ಕವಚವು ಸುಮಾರು 15ರಿಂದ 25 ಕಿಲೋಗ್ರಾಂ ತೂಗುತ್ತಿತ್ತು. ಭಾರತದಲ್ಲಿ ಮೊಗಲರ ಕಾಲದಿಂದೀಚೆಗೆ ಉಕ್ಕಿನ ಬಳೆಗಳನ್ನು ಹೆಣೆದ ಅಂಗಿಯ ಮೇಲೆ ಎದೆ, ಬೆನ್ನು ಮತ್ತು ಎರಡು ಪಕ್ಕೆಗಳಿಗೆ ನಾಲ್ಕು ಫಲಕಗಳನ್ನು ಕಟ್ಟುವ ‘ಚಾರ್ ಆಯ್ನಾ’ ಎಂಬ ಪದ್ಧತಿ ಬಳಕೆಗೆ ಬಂದಿತು. ಇವುಗಳ ಜೊತೆಗೆ ಬಟ್ಟೆಯ ಪದರಗಳನ್ನು ಒತ್ತಾಗಿ ಹೊಲಿದು ಮಾಡಿದ ಕವಚಗಳೂ ಇದ್ದವು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಬ್ರಿಟನ್ನಿನ ಸಂಗ್ರಹಗಳನ್ನು ಸೇರಿದ, ಟಿಪ್ಪು ಸುಲ್ತಾನನವೆಂದು ಹೇಳಲಾಗುವ ಶಿರಸ್ತ್ರಾಣ ಮತ್ತು ಅಂಗರಕ್ಷೆಗಳು ಇಂತಹ ಹೊಲಿದ ಬಟ್ಟೆಯವೇ. ಯುದ್ಧಭೂಮಿಯಲ್ಲಿಯೂ ಕವಚವೆಂದರೆ ಕಬ್ಬಿಣವೆಂಬ ನಿಯಮವಿರಲಿಲ್ಲ. ಎದುರಿಸಬೇಕಾದ ಆಯುಧ, ದೇಶದ ಸೆಕೆ, ಧರಿಸುವವನ ಚಲನೆ, ಇವು ಮೂರನ್ನೂ ತೂಗಿನೋಡಿ ವಸ್ತುವನ್ನು ಆರಿಸಲಾಗುತ್ತಿತ್ತು.

ರಂಗಭೂಮಿಯಲ್ಲಿ ಈ ತೂಕದ ಒಂದು ತಟ್ಟೆ ಬದಲಾಗುತ್ತದೆ. ಅಲ್ಲಿ ಕವಚವು ಬಾಣವನ್ನು ತಡೆಯಬೇಕಾಗಿಲ್ಲ. ಬೆಳಕನ್ನು ಹಿಡಿದು ದೂರದ ಪ್ರೇಕ್ಷಕನಿಗೆ ಮುಟ್ಟಿಸಬೇಕು. ಉಳಿದೆರಡು, ಎಂದರೆ ಸೆಕೆ ಮತ್ತು ಚಲನೆ, ರಣರಂಗದಲ್ಲಿದ್ದುದಕ್ಕಿಂತ ಹೆಚ್ಚು ಕಠಿಣವಾಗುತ್ತವೆ. ಏಕೆಂದರೆ ಯೋಧನು ಗಿರ್ಕಿ ಹೊಡೆಯಬೇಕಾಗಿಲ್ಲ, ಮಂಡಿಯೂರಿ ತಿರುಗಬೇಕಾಗಿಲ್ಲ, ಕುಣಿದ ಮರುಕ್ಷಣವೇ ಉಸಿರು ಕಟ್ಟದೆ ಮಾತನಾಡಬೇಕಾಗಿಯೂ ಇಲ್ಲ.

ಕರಾವಳಿಯ ಕುಶಲಕರ್ಮಿಗಳು ಈ ಸಮಸ್ಯೆಗೆ ಕಂಡುಕೊಂಡ ಪರಿಹಾರವು ಹಗುರ ಮರ. ಬಡಗುತಿಟ್ಟಿನ ವೀರವೇಷದ ಎದೆಕಟ್ಟು, ಭುಜಕೀರ್ತಿ, ತೋಳಿನ ಮತ್ತು ಕೈಯ ಆಭರಣಗಳು, ಸೊಂಟದ ಡಾಬು, ಇವೆಲ್ಲವೂ ಮರದಲ್ಲಿ ಕೆತ್ತಿದವು. ಅವುಗಳ ಮೇಲೆ ಬಂಗಾರದ ಬಣ್ಣದ ಬೇಗಡೆಯನ್ನು ಅಂಟಿಸಿ, ಅಲ್ಲಲ್ಲಿ ಕನ್ನಡಿಯ ಚೂರುಗಳನ್ನೂ ಬಣ್ಣದ ಹರಳುಗಳನ್ನೂ ಕೂರಿಸುತ್ತಾರೆ. ಕರ್ಣ, ಅರ್ಜುನ ಮೊದಲಾದ ವೀರರು ಧರಿಸುವ ಮುಂಡಾಸನ್ನಂತೂ ಹುಲ್ಲಿನ ಒಡಲಿಗೆ ಬಟ್ಟೆ ಸುತ್ತಿ, ಜರಿಯ ಪಟ್ಟಿಗಳನ್ನು ಬಿಗಿದು ಕಟ್ಟುತ್ತಾರೆ. ಕುರುಸೇನೆಯ ಮಹಾರಥಿಯ ಶಿರಸ್ತ್ರಾಣದೊಳಗೆ ಇರುವುದು ಗದ್ದೆಯ ಹುಲ್ಲು! ಆದರೂ ರಂಗದ ಮೇಲೆ ಅದರ ಗಾಂಭೀರ್ಯಕ್ಕೆ ಕುಂದಿಲ್ಲ.

ಈ ಆಯ್ಕೆಯ ಹಿಂದಿನ ವಿವೇಕವನ್ನು ಬಿಡಿಸಿ ನೋಡುವುದು ಉಚಿತ. ಮೊದಲನೆಯದು ಭಾರ. ಹಿತ್ತಾಳೆಯ ಸಾಂದ್ರತೆ ನೀರಿನ ಎಂಟು ಪಟ್ಟಿಗಿಂತಲೂ ಹೆಚ್ಚು. ಒಣಗಿದ ಹಗುರ ಮರವಾದರೋ ನೀರಿನಲ್ಲಿ ತೇಲುತ್ತದೆ. ದಪ್ಪನಾಗಿ, ಉಬ್ಬಾಗಿ ಕಾಣುವ ಆಭರಣವನ್ನು ಕಡಮೆ ಭಾರದಲ್ಲಿ ಮಾಡಲು ಮರದಿಂದ ಮಾತ್ರ ಸಾಧ್ಯವಿತ್ತು. ಎರಡನೆಯದು ಬೆವರು. ಹಿತ್ತಾಳೆಯು ಬೆವರಿಗೆ ಕಿಲುಬು ಹಿಡಿಯುತ್ತದೆ, ತಗಡಿನ ಅಂಚು ಮೈಯನ್ನು ಕೊಯ್ಯುತ್ತದೆ. ಮರಕ್ಕೆ ಈ ಎರಡು ದೋಷಗಳೂ ಇಲ್ಲ. ಮೂರನೆಯದು ಬಿಡಿಭಾಗಗಳ ರಚನೆ. ಕವಚವು ಒಂದೇ ಅಖಂಡ ಚಿಪ್ಪಾಗಿರದೆ, ಹಗ್ಗ ದಾರಗಳಿಂದ ಬಿಗಿಯುವ ಅನೇಕ ಅಂಗಗಳಾಗಿರುವುದರಿಂದ ಅವುಗಳ ನಡುವಣ ಸಂದುಗಳಲ್ಲಿ ದೇಹವು ಬಾಗಬಲ್ಲುದು, ಉಸಿರಾಡಬಲ್ಲುದು. ನಾಲ್ಕನೆಯದು ದುರಸ್ತಿ. ಮೇಳವು ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಸಾಗಿ, ಪೆಟ್ಟಿಗೆಗಳನ್ನು ತಲೆಹೊರೆಯಲ್ಲಿ ಒಯ್ಯುತ್ತಿದ್ದ ಕಾಲದಲ್ಲಿ ಒಂದು ತುಂಡು ಮುರಿದರೆ ಅದೊಂದನ್ನೇ ಕೆತ್ತಿ ಅಂಟಿಸಬಹುದಾಗಿತ್ತು. ಬೇಗಡೆ ಮಾಸಿದರೆ ಮಳೆಗಾಲದ ವಿರಾಮದಲ್ಲಿ ಹೊಸದನ್ನು ಹಚ್ಚಬಹುದಾಗಿತ್ತು.

ಐದನೆಯದೂ ಅತ್ಯಂತ ಮುಖ್ಯವಾದುದೂ ಬೆಳಕು. ದೊಂದಿ ಮತ್ತು ಎಣ್ಣೆಯ ದೀಪಗಳ ಬೆಳಕು ಮಂದವಾದುದು, ಅಲುಗಾಡುವಂಥದು, ಕಲಾವಿದನಿಗೆ ಬಹಳ ಸಮೀಪದಿಂದ ಬೀಳುವಂಥದು. ಚಪ್ಪಟೆಯಾದ ಹೊಳೆಯುವ ಫಲಕವು ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಆ ದಿಕ್ಕಿನಲ್ಲಿ ಕುಳಿತವನಿಗೆ ಕಣ್ಣು ಕೋರೈಸಿದರೆ ಉಳಿದವರಿಗೆ ಅದು ಕಪ್ಪಾಗಿ ಕಾಣುತ್ತದೆ. ಉಬ್ಬುಕೆತ್ತನೆಯ ಪ್ರತಿಯೊಂದು ಗುಂಡಿಯಾದರೋ ಯಾವ ಕೋನದಿಂದ ನೋಡಿದರೂ ತನ್ನದೊಂದು ಕಿಡಿಯನ್ನು ತೋರಿಸುತ್ತದೆ. ಮೂರು ದಿಕ್ಕುಗಳಲ್ಲಿ ಪ್ರೇಕ್ಷಕರು ಕುಳಿತ ಬಯಲಿನಲ್ಲಿ ಇದರ ಪ್ರಯೋಜನ ಸ್ಪಷ್ಟ. ಕೆಂಪು ಪ್ರಧಾನವಾದ ಉಡುಗೆಯ ಹಿನ್ನೆಲೆಯಲ್ಲಿ ಆ ಕಿಡಿಗಳು ಕುಣಿತದೊಡನೆ ಚಲಿಸುವಾಗ, ಕವಚವು ತಾನೇ ಉರಿಯುತ್ತಿರುವಂತೆ ಭಾಸವಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಬೆಳಕೇ ಬದಲಾಯಿತು. ಮೊದಲು ಪೆಟ್ರೋಮ್ಯಾಕ್ಸ್ ದೀಪ, ಅನಂತರ ವಿದ್ಯುದ್ದೀಪ ಬಯಲಾಟವನ್ನು ಪ್ರವೇಶಿಸಿದವು. ಟಿಕೇಟಿನ ಡೇರೆ ಮೇಳಗಳು ಬಂದು ಪ್ರೇಕ್ಷಕರು ರಂಗದಿಂದ ದೂರ ಸರಿದರು. ಇದೇ ಅವಧಿಯಲ್ಲಿ ನಾಟಕ ಕಂಪನಿಗಳ ವೈಭವ ಎಲ್ಲೆಡೆ ಹಬ್ಬಿತ್ತು. 1884ರಲ್ಲಿ ಸ್ಥಾಪನೆಯಾಗಿ, ಮುಂದೆ ವೀರಣ್ಣನವರ ನೇತೃತ್ವದಲ್ಲಿ ಪ್ರಸಿದ್ಧವಾದ ಗುಬ್ಬಿ ಕಂಪನಿಯು ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದ ಚಿತ್ರಗಳು ಪುರಾಣಪುರುಷರ ಉಡುಗೆ ಹೇಗಿರಬೇಕೆಂಬ ಕಲ್ಪನೆಯನ್ನು ಮನೆಮನೆಗೆ ಮುಟ್ಟಿಸಿದ್ದವು. ಕಂಪನಿ ನಾಟಕದ ಮಖಮಲ್ಲು, ಜರತಾರಿ, ಚಮಕಿಗಳು ಯಕ್ಷಗಾನದ ಚೌಕಿಗೂ ಕಾಲಿಟ್ಟವು.

ಮಖಮಲ್ಲು ಚಿತ್ರದಲ್ಲಿ ಸುಂದರ; ಆದರೆ ಅದರ ನವಿರಾದ ರೋಮಗಳು ಬೆಳಕನ್ನು ಹೀರುತ್ತವೆ, ಬೆವರನ್ನು ಹಿಡಿದಿಡುತ್ತವೆ. ಒಂದೆಡೆ ನಿಂತು ಮಾತನಾಡುವ ನಟನಿಗೆ ಇದು ಸಹ್ಯವಾಗಬಹುದು; ರಾತ್ರಿಯಿಡೀ ನಡೆಯುವ ಆಟದಲ್ಲಿ ಕುಣಿಯುವವನಿಗೆ ಶಿಕ್ಷೆಯೇ ಸರಿ. ಯಕ್ಷಗಾನಕ್ಕೆ ತನ್ನದೇ ಆದ ದೃಶ್ಯಭಾಷೆಯಿದೆಯೆಂದೂ ಅದನ್ನು ನಾಟಕದ ಉಡುಗೆಯಿಂದ ಮುಚ್ಚಬಾರದೆಂದೂ ವಾದಿಸಿದವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಉಡುಪಿಯಲ್ಲಿ 1971ರಲ್ಲಿ ಸ್ಥಾಪಿತವಾದ ಯಕ್ಷಗಾನ ಕೇಂದ್ರವು ಸಾಂಪ್ರದಾಯಿಕ ವೇಷಭೂಷಣದ ಬಳಕೆಗೆ ಒಂದು ನೆಲೆಯನ್ನೊದಗಿಸಿತು.

ಈಚಿನ ದಶಕಗಳಲ್ಲಿ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿದೆ. ಥರ್ಮೊಕೋಲು, ರಬ್ಬರಿನಂತಹ ಫೋಮಿನ ಹಾಳೆ, ಫೈಬರ್‌ಗ್ಲಾಸ್, ಬಂಗಾರದ ಬಣ್ಣದ ಸಿಂಪರಣೆ, ಇವು ಅಗ್ಗವಾಗಿ ಸುಲಭವಾಗಿ ದೊರೆಯುತ್ತವೆ. ಇವನ್ನು ‘ಕೃತಕ’ವೆಂದು ತಳ್ಳಿಹಾಕುವುದು ವಿಚಾರದ ಮಾರ್ಗವಲ್ಲ, ಬೇಗಡೆ ಹಚ್ಚಿದ ಮರವೂ ಬಂಗಾರವಲ್ಲವಷ್ಟೆ. ಲೋಕದ ಇತರ ಕಡೆಗಳಲ್ಲಿಯೂ ರಂಗಕವಚವು ಅನುಕೂಲವನ್ನೇ ಅನುಸರಿಸಿದೆ. 1944ರ ‘ಹೆನ್ರಿ ದಿ ಫಿಫ್ತ್’ ಆಂಗ್ಲ ಚಲನಚಿತ್ರದಲ್ಲಿ, ಯುದ್ಧಕಾಲದ ಲೋಹದ ಅಭಾವದಿಂದಾಗಿ, ಸೈನಿಕರ ಬಳೆಯಂಗಿಗಳನ್ನು ಹುರಿಯಿಂದ ಹೆಣೆದು ಲೋಹದ ಬಣ್ಣ ಬಳಿಯಲಾಯಿತು. 2001ರಿಂದ 2003ರವರೆಗೆ ತೆರೆಕಂಡ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಮಾಲೆಗಾಗಿ ಪ್ಲಾಸ್ಟಿಕ್ ಕೊಳವೆಗಳನ್ನು ಕತ್ತರಿಸಿ, ಕೋಟಿಗೂ ಮೀರಿದ ಬಳೆಗಳನ್ನು ಕೈಯಿಂದಲೇ ಜೋಡಿಸಲಾಯಿತು. ಎರಡೂ ಕಡೆ ವಸ್ತುವು ಹೊಸದು. ಆಯ್ಕೆಯ ತರ್ಕ ಮಾತ್ರ ಕರಾವಳಿಯ ಬಡಗಿಯದೇ.

ಆದುದರಿಂದ ಹೊಸ ವಸ್ತುವನ್ನು ಅಳೆಯಬೇಕಾದುದು ಹಳೆಯ ಆ ಐದು ಮಾನಗಳಿಂದ. ಥರ್ಮೊಕೋಲು ಭಾರದ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ದುರಸ್ತಿಯ ಪರೀಕ್ಷೆಯಲ್ಲಿ ಸೋಲುತ್ತದೆ. ಕೆಲವು ಬಗೆಯ ಅಂಟು ಮತ್ತು ಬಣ್ಣಗಳು ತಗುಲಿದರೆ ಅದು ಕರಗಿಯೇ ಹೋಗುತ್ತದೆ. ಫೋಮು ಮೈಯೊಡನೆ ಬಾಗುತ್ತದೆ, ಆದರೆ ಬೆವರನ್ನು ಹೊರಬಿಡುವುದಿಲ್ಲ. ಫೈಬರ್‌ಗ್ಲಾಸ್ ಗಟ್ಟಿ, ಅದನ್ನು ಉಜ್ಜುವಾಗ ಏಳುವ ಧೂಳು ಕೆಲಸಗಾರನ ಶ್ವಾಸಕೋಶಕ್ಕೆ ಹಾನಿಕರ. ಸಿಂಪಡಿಸಿದ ಬಣ್ಣವು ಹಳದಿಯಾಗಿ ಕಾಣುತ್ತದೆಯೇ ಹೊರತು ಬೇಗಡೆಯಂತೆ ಕಿಡಿಯಾಗುವುದಿಲ್ಲ. ಇದಲ್ಲದೆ ಅತಿಯಾದ ಹಗುರವೂ ಒಂದು ದೋಷವೇ. ಭುಜಕೀರ್ತಿಯಲ್ಲಿ ತಕ್ಕಷ್ಟು ತೂಕವಿಲ್ಲದಿದ್ದರೆ ಗಿರ್ಕಿಯ ವೇಗಕ್ಕೆ ಅದು ಪಟಪಟನೆ ಬಡಿದಾಡಿ ವೀರನ ನಿಲುವು ಹಾಸ್ಯಕ್ಕೆ ತಿರುಗುತ್ತದೆ. ವೇಷದ ಭಾರವು ಕಲಾವಿದನ ಹೆಜ್ಜೆಯನ್ನು ತಿದ್ದುತ್ತದೆ. ಭಾರ ಬದಲಾದರೆ ಹೆಜ್ಜೆಯೂ ಬದಲಾಗುತ್ತದೆ.

ಈ ವಿಚಾರವು ಊರಿನ ಮೇಳಗಳಿಗೆ ಮಾತ್ರ ಸೀಮಿತವಾದುದಲ್ಲ. ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಮುಂಬಯಿಗೆ ಬಂದು ಆಟವಾಡುವುದು ಇಲ್ಲಿನ ಕನ್ನಡಿಗರಿಗೆ ಚಿರಪರಿಚಿತ. ನಗರದ ಸಭಾಗೃಹದಲ್ಲಿ ಬಯಲಿಲ್ಲ, ದೊಂದಿಯಿಲ್ಲ. ಬೆಳಕು ಮೇಲಿನಿಂದ ಬೀಳುತ್ತದೆ, ಪ್ರೇಕ್ಷಕರು ಒಂದೇ ದಿಕ್ಕಿನಲ್ಲಿ ಕುಳಿತಿರುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ವೇಷ ಹೊಲಿಸುವ ಸಂಘಗಳು ವೆಚ್ಚದ ದೃಷ್ಟಿಯಿಂದ ಸುಲಭದ ದಾರಿಯನ್ನು ಹಿಡಿದರೆ ಅದು ಅಪರಾಧವಲ್ಲ. ಆದರೆ ಮರವನ್ನು ಕೆತ್ತುವ ಕೈಗೆ ಕೆಲಸ ತಪ್ಪಿದರೆ ಆ ಕೈಯಲ್ಲಿದ್ದ ತಿಳಿವಳಿಕೆಯೂ ತಪ್ಪುತ್ತದೆ. ಅದನ್ನು ಯಾವ ಗ್ರಂಥವೂ ಪೂರ್ಣವಾಗಿ ಬರೆದಿಟ್ಟಿಲ್ಲ. ಅಭ್ಯಾಸಕ್ಕೆ ಫೋಮಿನ ಎದೆಕಟ್ಟು ಸಾಕು. ರಂಗಕ್ಕೆ ಬರುವ ದಿನ ಒಂದಾದರೂ ಮರದ ಎದೆಕಟ್ಟು ಪೆಟ್ಟಿಗೆಯಲ್ಲಿದ್ದರೆ, ಹುಡುಗನು ಅದನ್ನು ಬಿಗಿದುಕೊಂಡು ಎದ್ದು ನಿಂತಾಗ ತನ್ನ ಬೆನ್ನು ನೇರವಾದುದನ್ನು ತಾನೇ ಅರಿಯುವನು.