ಸಿಂಗಾರ ಮತ್ತು ಕಡೆಗೀಲು

ಕೊಂಡ ವಾಹನವನ್ನು ಬಂದ ಹಾಗೆಯೇ ಇಟ್ಟುಕೊಳ್ಳುವ ಜಾತಿ ನಮ್ಮದಲ್ಲ. ಬಂಡಿಯಿರಲಿ, ಸೈಕಲ್ಲಿರಲಿ, ಕಾರಿರಲಿ, ಮನೆಗೆ ಬಂದೊಡನೆ ಅದಕ್ಕೆ ನಮ್ಮದೆಂಬ ಒಂದು ಗುರುತು ಬೀಳಲೇಬೇಕು. ಈಗ ಕೊಪ್ಪಳ, ಗಂಗಾವತಿಗಳ ಅಂಗಡಿಗಳಲ್ಲಿ ಸೀಟ್ ಕವರು, ಮ್ಯಾಟು, ಸ್ಟೀರಿಂಗ್ ಕವರು, ಬಗೆಬಗೆಯ ಹಾರ್ನು, ದೀಪಗಳು ಸಾಲಾಗಿ ತೂಗುತ್ತಿರುತ್ತವೆ. ಇದೆಲ್ಲ ಹೊಸ ಕಾಲದ ಹುಚ್ಚೆಂದು ಹಿರಿಯರು ಮೂಗು ಮುರಿಯುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಈ ಸಿಂಗಾರಕ್ಕೂ ಒಂದು ಚರಿತ್ರೆಯಿದೆ, ಅದರಲ್ಲಿ ಹೆಂಗಸರ ಪಾಲು ನಾವು ತಿಳಿದಿರುವುದಕ್ಕಿಂತ ದೊಡ್ಡದಿದೆ.

ನಮ್ಮ ಸೀಮೆಯ ಸವಾರಿ ಬಂಡಿಯನ್ನೇ ನೆನೆಯಿರಿ. ಗವಿಮಠದ ಜಾತ್ರೆಗೆ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದ ಕಾಲವದು. ಎತ್ತಿನ ಕೋಡಿಗೆ ಹಿತ್ತಾಳೆಯ ಕೋಡಣಸು, ಹಣೆಗೆ ಹಣೆಪಟ್ಟಿ, ಬೆನ್ನಿಗೆ ಝೂಲ, ಕೊರಳಿಗೆ ಗೆಜ್ಜೆಸರ. ನೋಡಲು ಚೆಂದವಷ್ಟೇ ಅಲ್ಲ, ಬಹುಪಾಲು ಒಂದೊಂದಕ್ಕೂ ಒಂದು ಕೆಲಸವಿತ್ತು. ಕತ್ತಲ ದಾರಿಯಲ್ಲಿ ಎದುರು ಬರುವವರಿಗೆ ಗೆಜ್ಜೆಯ ಸದ್ದೇ ಹಾರ್ನು. ಬಂಡಿಯ ಅಡಿಯಲ್ಲಿ ತೂಗುವ ಕೀಲೆಣ್ಣೆಯ ಗೊಟ್ಟ ಅಚ್ಚು ಸವೆಯದಂತೆ ಕಾಯುತ್ತಿತ್ತು. ಒಳಗೆ ಹುಲ್ಲು ಹಾಸಿ, ಅದರ ಮೇಲೆ ಅಜ್ಜಿ ಹೊಲಿದ ಕೌದಿ ಹಾಸುತ್ತಿದ್ದರು. ಹಳೆಯ ಇಳಕಲ್ ಸೀರೆಯ ಸೆರಗು, ಗಂಡಸರ ಸವೆದ ಧೋತರ, ಮಕ್ಕಳ ಕುಪ್ಪಸ ಎಲ್ಲವೂ ಪದರ ಪದರವಾಗಿ ಸೇರಿದ ಆ ಕೌದಿ ನಮ್ಮ ಕಡೆಯ ಮೊದಲ ಸೀಟ್ ಕವರು. ಬಸುರಿ ಮಗಳನ್ನು ತವರಿಗೆ ಕರೆತರುವಾಗ ಎರಡು ಕೌದಿ ಹೆಚ್ಚಿಗೆ ಬೀಳುತ್ತಿದ್ದವು. ಕಲ್ಲುದಾರಿಯ ಕುಲುಕು ಯಾರ ಮೈಗೆ ತಾಗುತ್ತದೆಂದು ಹಾಸುವವಳಿಗೆ ಗೊತ್ತಿತ್ತು.

ಹೊರಡುವ ಮುನ್ನ ಬಂಡಿ ಹೊಡೆಯುವವನು ಬಗ್ಗಿ ಕಡೆಗೀಲು ನೋಡುತ್ತಿದ್ದ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ತೂರಿಸುವ ಗೇಣುದ್ದದ ಕೀಲು ಅದು. ಅದನ್ನು ಯಾರೂ ಸಿಂಗರಿಸಲಿಲ್ಲ, ಯಾರೂ ಮರೆಯಲೂ ಇಲ್ಲ.

ಕಾರು ಹುಟ್ಟಿದ ದೇಶಗಳಲ್ಲಿಯೂ ಮೊದಲಿಗೆ ಅದು ಬರಿಯ ಬಂಡಿಯೇ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಗೃಹಿಣಿ, ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಗಾಲಿಯ ಮೋಟಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ ತವರೂರಿಗೆ ಹೊರಟಳು. ಸುಮಾರು ನೂರು ಕಿಲೋಮೀಟರಿನ ದಾರಿ. ಪೆಟ್ರೋಲಿನ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಇಳಿಜಾರಿನಲ್ಲಿ ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನೊಬ್ಬನ ಹತ್ತಿರ ಅದಕ್ಕೆ ತೊಗಲು ಹೊಡೆಸಿದಳು. ಇಂದಿನ ಬ್ರೇಕ್ ಲೈನಿಂಗಿನ ಕಥೆ ಆ ತೊಗಲಿನಿಂದಲೇ ಶುರುವಾಗುತ್ತದೆ.

ಅಮೆರಿಕದ ಮೇರಿ ಆಂಡರ್ಸನ್ ಚಳಿಗಾಲದಲ್ಲಿ ನ್ಯೂಯಾರ್ಕಿನ ಟ್ರಾಮಿನಲ್ಲಿ ಹೋಗುವಾಗ, ಗಾಜಿನ ಮೇಲಿನ ಹಿಮದಿಂದ ಚಾಲಕ ಪಡುತ್ತಿದ್ದ ಪಾಡು ಕಂಡಳು. ಒಳಗೆ ಕುಳಿತೇ ಹಿಡಿಕೆ ತಿರುಗಿಸಿ ಗಾಜು ಒರೆಸುವ ಸಾಧನ ಮಾಡಿ 1903ರಲ್ಲಿ ಪೇಟೆಂಟ್ ಪಡೆದಳು. ಲಾಭವಿಲ್ಲದ ವಸ್ತುವೆಂದು ಆಗ ಯಾರೂ ಕೊಳ್ಳಲಿಲ್ಲ. ಇಂಗ್ಲೆಂಡಿನ ಡೊರೊಥಿ ಲೆವಿಟ್ 1909ರಲ್ಲಿ ಹೆಂಗಸರಿಗಾಗಿಯೇ ಕಾರಿನ ಬಗ್ಗೆ ಪುಸ್ತಕ ಬರೆದು, ಕೈಗನ್ನಡಿಯೊಂದನ್ನು ಇಟ್ಟುಕೊಳ್ಳಿ, ಆಗಾಗ ಎತ್ತಿ ಹಿಡಿದರೆ ಹಿಂದೆ ಬರುವವರು ಕಾಣುತ್ತಾರೆಂದು ಹೇಳಿದಳು. ಕಾರಿನೊಳಗೆ ಕನ್ನಡಿ ಸಾಮಾನ್ಯವಾಗುವುದಕ್ಕೆ ಮುಂಚಿನ ಮಾತಿದು. ಹೆಂಗಸರಿಗೆ ಕನ್ನಡಿಯ ಚಿಂತೆಯೇ ಎಂದು ನಗುವವರಿಗೆ ಇದನ್ನು ಹೇಳಬೇಕೆನ್ನಿಸುತ್ತದೆ.

ನಮ್ಮ ಊರುಗಳಲ್ಲಿ ಕಾರೆಂದರೆ ಬಹಳ ಕಾಲ ಅಂಬಾಸಡರೇ. ಕಿಟಕಿಗೆ ಪರದೆ, ಸೀಟಿನ ಮೇಲೆ ಟರ್ಕಿಶ್ ಟವೆಲ್ಲು, ಮುಂದೆ ಒಂದು ಪುಟ್ಟ ಫ್ಯಾನು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಕಾರಿನ ಕನಸು ಬಿತ್ತು, ಜೊತೆಗೆ ಸಾಮಾನಿನ ಅಂಗಡಿಗಳೂ ಬಂದವು. ಪರದೆಯ ಜಾಗಕ್ಕೆ ಕರಿ ಫಿಲ್ಮು ಬಂತು. ಅದರ ಮರೆಯಲ್ಲಿ ನಡೆಯುವ ಅಪರಾಧಗಳ ದೂರು ಹೆಚ್ಚಿ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು. ಮುಂದಿನ ಬಂಪರಿಗೆ ಕಬ್ಬಿಣದ ಗಾರ್ಡು ಹಾಕಿಸುವ ಗತ್ತು ಇನ್ನೊಂದು. ಪಾದಚಾರಿಗೆ ಅದು ಅಪಾಯ, ಏರ್‌ಬ್ಯಾಗು ಸರಿಯಾಗಿ ತೆರೆದುಕೊಳ್ಳುವುದಕ್ಕೂ ಅಡ್ಡಿ. ಅದರ ಮೇಲೆ ಕ್ರಮ ಕೈಗೊಳ್ಳುವಂತೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆಯಿತು.

ಇಷ್ಟೆಲ್ಲದರ ನಡುವೆ ಕಾರಿನ ಕಡೆಗೀಲು ಯಾವುದು? ನನ್ನ ಮಟ್ಟಿಗೆ ಸೀಟ್ ಬೆಲ್ಟು. ಎದೆಗೂ ಸೊಂಟಕ್ಕೂ ಬರುವ ಈಗಿನ ಬೆಲ್ಟನ್ನು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ 1959ರಲ್ಲಿ ರೂಪಿಸಿದ. ಜೀವದ ಪ್ರಶ್ನೆಯೆಂದು ಆ ಪೇಟೆಂಟನ್ನು ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟಿತು. ನಮ್ಮಲ್ಲಿ ಮೊದಲು ಮುಂದಿನ ಸೀಟಿಗೆ, ಆಮೇಲೆ ಹಿಂದಿನ ಸೀಟಿಗೂ ಅದು ಕಡ್ಡಾಯವಾಯಿತು. ಬೆಲ್ಟು ಹಾಕದಿದ್ದರೆ ಸಾವಿರ ರೂಪಾಯಿ ದಂಡವೆಂದು 2019ರಲ್ಲಿ ಕಾಯ್ದೆ ತಿದ್ದಿದರು. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ದೇಶವೆಲ್ಲ ಹಿಂದಿನ ಸೀಟಿನ ಬೆಲ್ಟಿನ ಮಾತಾಡಿತು. ಹಿಂದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ, ಇಬ್ಬರೂ ಬೆಲ್ಟು ಹಾಕಿರಲಿಲ್ಲ.

ಈಚೆಗೆ ನನ್ನ ಮಗ ಕಾರು ಕೊಂಡ. ಹುಲಿಗಿಗೆ ಹೋಗಿ ಹುಲಿಗೆಮ್ಮನ ಮುಂದೆ ಪೂಜೆ ಮಾಡಿಸಿ, ಗಾಲಿಯಡಿ ನಿಂಬೆಹಣ್ಣು ಇಟ್ಟಾಯಿತು. ಮುಂದಿನ ವಾರ ಅಂಗಡಿಗೆ ಬಿಟ್ಟು, ಸಂಜೆ ನಾನೂ ಬಸುರಿ ಸೊಸೆಯೂ ಹೋದೆವು. ಸೀಟ್ ಕವರು ಬಿಗಿಯಾಗಿ, ಚೆಂದಾಗಿ ಕೂತಿತ್ತು. ಹಿಂದೆ ಕುಳಿತ ಸೊಸೆ ಬೆಲ್ಟು ಎಳೆದು ಸಿಕ್ಕಿಸಲು ಹೋದರೆ ಬಕಲ್ಲೇ ಇಲ್ಲ.

“ತಮ್ಮಾ, ಇಲ್ಲಿದ್ದ ಬಕಲ್ ಎಲ್ಲಿ?” ಎಂದೆ.

“ಕವರಿನ ಕೆಳಗ ಸೇರ್ಸೀವ್ರಿ ಅಮ್ಮಾರ. ಕುಂತ್ರ ಒತ್ತತೈತಿ. ಹಿಂದ ಯಾರೂ ಹಾಕ್ಕೊಳ್ಳಂಗಿಲ್ರೀ, ಹೆಣ್ಮಕ್ಳು ಕುಂಡ್ರತಾರ.”

ಆ ಹುಡುಗ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು, ಹತ್ತಾರು ಕಾರುಗಳಲ್ಲಿ ಮಾಡಿದ ರೂಢಿ. “ಹೆಣ್ಮಕ್ಳು ಕುಂಡ್ರತಾರ ಅಂತನ ಕೇಳಾಕತ್ತೀನಪ್ಪ. ಹೊರಗ ತಗಿ” ಎಂದೆ. ಕವರು ಬಿಚ್ಚಿ ಮೂರೂ ಬಕಲ್ಲು ಹೊರಗೆ ತೆಗೆದು ಮತ್ತೆ ಕೂರಿಸಲು ಒಂದು ತಾಸು ಹಿಡಿಯಿತು. ಸೊಸೆ ಮೆಲ್ಲಗೆ ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ ಸರಿಸಿ ಹಾಕಿಕೊಂಡಳು. ಗರ್ಭಿಣಿಯರು ಹಾಗೆಯೇ ಹಾಕಿಕೊಳ್ಳಬೇಕು, ಹೊಟ್ಟೆಯ ಮೇಲಲ್ಲ.

ಆಮೇಲೆ ಉಳಿದ ಸಾಮಾನನ್ನೂ ಅದೇ ಕಣ್ಣಿನಿಂದ ನೋಡಿದೆವು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗಿದ್ದರೆ ಕವರಿಗೆ ಅಲ್ಲಿ ತೆರೆಯುವ ಹೊಲಿಗೆ ಇರಬೇಕು. ಚಾಲಕನ ಕಾಲಡಿ ಮ್ಯಾಟಿನ ಮೇಲೆ ಮ್ಯಾಟು ಹಾಕಬಾರದು, ಅದು ಜಾರಿ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. 2009ರಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಇದೇ ಕಾರಣಕ್ಕೆ ಹಿಂದಕ್ಕೆ ಕರೆಯಬೇಕಾಯಿತು. ಹಾರ್ನು, ದೀಪಗಳಿಗೆ ಕಾರಿನ ವೈರು ಕತ್ತರಿಸಿ ಟೇಪು ಸುತ್ತಿದರೆ ಬೆಂಕಿಯ ಭಯ. ಬೆಲ್ಟಿನ ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್ಪನ್ನಂತೂ ಮುಟ್ಟಬೇಡಿ. ಆನ್‌ಲೈನಿನಲ್ಲಿ ಅವುಗಳ ಮಾರಾಟ ನಿಲ್ಲಿಸುವಂತೆ 2023ರ ಮೇ ತಿಂಗಳಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದೊಡ್ಡ ಮಾರಾಟಗಾರರಿಗೆ ಆದೇಶಿಸಿತು.

ಸಿಂಗಾರ ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಕಾರಿನಲ್ಲಿಯೂ ಕಿನ್ನಾಳದ ಚಿತ್ರಗಾರರು ಮಾಡಿದ ಬೆರಳುದ್ದದ ಗಣಪನಿದ್ದಾನೆ, ಹಗುರ ಮರದ ಮೇಲೆ ಬಣ್ಣ ತುಂಬಿದವನು. ಏರ್‌ಬ್ಯಾಗು ತೆರೆಯುವ ಜಾಗ ಬಿಟ್ಟು ಒಂದು ಬದಿಗೆ ಕುಳಿತಿದ್ದಾನೆ, ಅಷ್ಟೇ.

ನಮ್ಮ ಮನೆಗಳಲ್ಲಿ ಹಿಂದಿನ ಸೀಟು ಹೆಚ್ಚಾಗಿ ಹೆಂಗಸರದು, ಮಕ್ಕಳದು, ಮುದುಕರದು. ಕುಷ್ಟಗಿಯ ಹೆದ್ದಾರಿಯಲ್ಲಿ ಕಾರು ಓಡುವ ವೇಗಕ್ಕೆ, ತೊಡೆಯ ಮೇಲಿನ ಕೂಸನ್ನು ಯಾವ ತಾಯಿಯ ಕೈಯೂ ಹಿಡಿದಿಡಲಾರದು. ಆದರೂ ಸಾಮಾನು ಆರಿಸಲು ಹೋಗುವವರು ಗಂಡಸರೇ, ಹಿಂದಿನ ಸೀಟಿನಲ್ಲಿ ಅವರು ಕೂರುವುದು ಕಡಿಮೆ. ಹಿಂದೆ ಬಂಡಿಯೊಳಗೆ ಕೌದಿ ಹಾಸಿದವರು ನಾವು. ಕಾರಿನ ಅಂಗಡಿಗೂ ನಾವು ಹೋಗೋಣ. ಬಣ್ಣ ಆರಿಸಿದ ಮೇಲೆ ಹಿಂದೆ ಕುಳಿತು, ಬೆಲ್ಟು ಎಳೆದು, ಟಕ್ಕೆಂದು ಸಿಕ್ಕಿಸಿ ನೋಡಿ, ಆಮೇಲೆ ದುಡ್ಡು ಎಣಿಸೋಣ.