ಸಿಂದಗಿಯಲ್ಲೊಂದು ಸರಕಾರ

ಶಾಲೆಯಲ್ಲಿ ನಾವೆಲ್ಲ 1789ರ ಫ್ರಾನ್ಸ್ ಬಗ್ಗೆ ಬಾಯಿಪಾಠ ಮಾಡಿದವರೇ. ಬೊಲಿವಾರ್ ಹೆಸರೂ ಎಲ್ಲೋ ಕಿವಿಗೆ ಬಿದ್ದಿತ್ತು. ಇಂಡಿಯಿಂದ ಸಿಂದಗಿಗೆ ನಾನು ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಆ ಊರಲ್ಲಿ 1824ರಲ್ಲಿ ಏನಾಯಿತೆಂದು ಯಾವ ಮಾಸ್ತರರೂ ಹೇಳಲಿಲ್ಲ. ಕೊನೆಗೆ ಅದು ಕಣ್ಣಿಗೆ ಬಿದ್ದದ್ದು ಹಳೆಯ ಬಿಜಾಪುರ ಗೆಜೆಟಿಯರಿನಲ್ಲಿ, ಕೆಲವೇ ಸಾಲು.

ದಿವಾಕರ ದೀಕ್ಷಿತ ಎಂಬವನು ಜನ ಕಟ್ಟಿಕೊಂಡು ಸಿಂದಗಿಯನ್ನು ಲೂಟಿ ಮಾಡಿದ, ಠಾಣೆ ಹಾಕಿದ, ಕಂದಾಯ ವಸೂಲಿಗೆ ಏರ್ಪಾಡು ಮಾಡಿದ. ಧಾರವಾಡದಿಂದ ದಂಡು ಬಂತು. ಕಥೆ ಮುಗಿಯಿತು.

ನಾನು ನಿಂತದ್ದು ಆ "ಕಂದಾಯ" ಎಂಬ ಮಾತಿನ ಹತ್ತಿರ. ಬರೀ ಲೂಟಿಗೆ ಬಂದವನು ಸಿಕ್ಕಿದ್ದನ್ನು ಹೊತ್ತುಕೊಂಡು ರಾತ್ರೋರಾತ್ರಿ ಭೀಮೆ ದಾಟುತ್ತಾನೆ. ಠಾಣೆ ಹಾಕಿ ವಸೂಲಿಗೆ ಕೂಡುವವನು ಆಳಲು ಬಂದವನು!

ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯವರಿಗೆ ದೊರೆ ಬದಲಾಗುವುದು ಹೊಸದೇನೂ ಆಗಿರಲಿಲ್ಲ. 1686ರ ತನಕ ಆದಿಲಶಾಹಿ, ಆಮೇಲೆ ಮೊಗಲರು, ನಿಜಾಮ, 1760ರಿಂದ ಪೇಶ್ವೆ. 1818ರಲ್ಲಿ ಎರಡನೇ ಬಾಜೀರಾಯ ಕಂಪನಿಗೆ ಶರಣಾದ. ಇಷ್ಟು ಜನ ಬಂದು ಹೋದ ಮೇಲೆ, ಆರೇ ವರ್ಷದ ಹೊಸ ದೊರೆಯನ್ನು ಕಂಡು ದೀಕ್ಷಿತನಿಗೆ "ನಾನ್ಯಾಕೆ ಆಗಬಾರದು?" ಅನಿಸಿದ್ದರೆ ಆಶ್ಚರ್ಯವೇನು? ಹಾಗಂತ ಅವನನ್ನು ಬೊಲಿವಾರ್ ಮಾಡುವ ಹಟ ನನಗಿಲ್ಲ. ಲೂಟಿಯಾದದ್ದು ನಮ್ಮ ಸಿಂದಗಿಯೇ, ಲಂಡನ್ ಅಲ್ಲವಲ್ಲ...

ಅದೇ ವರ್ಷ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರ ಕಿತ್ತೂರಿನ ಕೋಟೆ ಬಿತ್ತು. ಡಿಸೆಂಬರ್ 9ರಂದು, ಭೂಮಿಯ ಆ ಬದಿಗೆ, ಪೆರುವಿನ ಅಯಾಕುಚೊದಲ್ಲಿ ಬೊಲಿವಾರನ ಸೇನಾನಿ ಸುಕ್ರೆ ಸ್ಪೇನಿನ ಸೈನ್ಯವನ್ನು ಮುರಿದ. ಅವರೂ ಬಂಡಾಯಗಾರರೇ. ಅವರೂ ಮೊದಲು ಮಾಡಿದ್ದು ಠಾಣೆ, ಕಂದಾಯ, ಸುಂಕದ ವ್ಯವಸ್ಥೆಯನ್ನೇ.

ಅವರನ್ನು ಬ್ರಿಟನ್ ಏನೆಂದು ಕರೆಯಿತು ಗೊತ್ತೇ? ಸರಕಾರ ಎಂದು! 1825ರಲ್ಲಿ ಬ್ಯೂನಸ್ ಐರಿಸ್ ಮತ್ತು ಕೊಲಂಬಿಯಾಗಳ ಜೊತೆ ಒಪ್ಪಂದಕ್ಕೆ ಸಹಿಯೂ ಆಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸ್ಪೇನ್ ಹೋದರೆ ಆ ಬಂದರುಗಳೆಲ್ಲ ಇಂಗ್ಲೆಂಡಿನ ಬಟ್ಟೆಗೆ ತೆರೆಯುತ್ತಿದ್ದವು. 1824ರಲ್ಲೇ ಲಂಡನ್ನಿನ ಬೇರಿಂಗ್ಸ್ ಬ್ಯಾಂಕು ಬ್ಯೂನಸ್ ಐರಿಸ್‌ಗೆ 10 ಲಕ್ಷ ಪೌಂಡ್ ಸಾಲ ಎತ್ತಿಕೊಟ್ಟಿತ್ತು. ಆ ಸಾಲ ತೀರಬೇಕಾದರೆ ಬಂಡಾಯಗಾರರು ವಸೂಲಿ ಮಾಡಲೇಬೇಕಿತ್ತು.

ದೀಕ್ಷಿತ ಕೈಹಾಕಿದ್ದು ಕಂಪನಿಯೇ ಕಾಯುತ್ತಿದ್ದ ಸೀಮೆಯ ಕಂದಾಯಕ್ಕೆ. ಅವನಿಗೆ ಸಿಕ್ಕಿದ್ದು ಧಾರವಾಡದ ದಂಡು, ಗೆಜೆಟಿಯರಿನಲ್ಲಿ ಕೆಲವು ಸಾಲು. ಆ ಸಾಲುಗಳಲ್ಲೂ "ಲೂಟಿ" ಮೊದಲು, "ಕಂದಾಯ" ಆಮೇಲೆ.